ಒಡೆದ ಗಾಜು ಕಟ್ಟಡಕ್ಕೆ ಮಿತ್ರನೋ? ಶತ್ರುವೋ?

ಮಕ್ಕಳೇ, ಮನೆಯಲ್ಲಿ ಗಾಜಿನ ಲೋಟ ಕೈಜಾರಿ ಬಿದ್ದರೆ ಹಿರಿಯರು ಮೊದಲು ಹೇಳುವ ಮಾತು ಯಾವುದು? 'ಯಾರೂ ಈ ಕಡೆ ಬರಬೇಡಿ, ಚೂರು ಚುಚ್ಚೀತು!' ಅಲ್ಲವೆ? ಆಮೇಲೆ ಪೊರಕೆ ಬರುತ್ತದೆ, ಮೊರ ಬರುತ್ತದೆ. ಚೂರುಗಳನ್ನೆಲ್ಲ ಗುಡಿಸಿ ಒಂದೆಡೆ ಸೇರಿಸುತ್ತಾರೆ. ಅಲ್ಲಿಂದ ಮುಂದೆ ಆ ಚೂರುಗಳು ಎಲ್ಲಿಗೆ ಹೋಗುತ್ತವೆ? ಎಂದಾದರೂ ಯೋಚಿಸಿದ್ದೀರಾ?

ಎಷ್ಟೋ ಮನೆಗಳಲ್ಲಿ ಅವು ತಿಪ್ಪೆಗೆ ಹೋಗುತ್ತವೆ. ಅಲ್ಲಿಂದ ಗೊಬ್ಬರದ ಜೊತೆ ಹೊಲ ಸೇರುತ್ತವೆ. ಒಂದು ದಿನ ನಾಟಿ ಮಾಡುವವರ ಬರಿಗಾಲಿಗೋ ಎತ್ತಿನ ಗೊರಸಿನ ಸಂದಿಗೋ ಚುಚ್ಚುತ್ತವೆ. ಪಟ್ಟಣಗಳಲ್ಲಿ ಕಸದ ಗಾಡಿ ಹತ್ತಿ, ಕಸ ವಿಂಗಡಿಸುವವರ ಬೆರಳು ಕೊಯ್ಯುತ್ತವೆ. ಸೊಪ್ಪು ಕೊಳೆಯುತ್ತದೆ, ಕಾಗದ ಮಣ್ಣಾಗುತ್ತದೆ, ಕಬ್ಬಿಣ ಕೂಡ ತುಕ್ಕು ಹಿಡಿದು ಸವೆಯುತ್ತದೆ. ಗಾಜು ಮಾತ್ರ ಮಣ್ಣಿನಲ್ಲಿ ನೂರಾರು ವರ್ಷ ಹಾಗೆಯೇ ಇರುತ್ತದೆ. ಇಡಿಯಾದ ಬಾಟಲಿಗೆ ಗುಜರಿ ಅಂಗಡಿಯಲ್ಲಿ ಅಷ್ಟಿಷ್ಟು ಬೆಲೆ ಉಂಟು. ಒಡೆದ ಚೂರನ್ನು ಕೇಳುವವರು ಕಡಿಮೆ.

ಈ ಚೂರುಗಳಿಂದ ಮನೆ, ಸೇತುವೆ, ರಸ್ತೆ ಕಟ್ಟಲು ಸಾಧ್ಯವೆ? ಸಾಧ್ಯ. ಆದರೆ ಅದರಲ್ಲಿ ಒಂದು ಗುಟ್ಟಿದೆ. ಕಾಳಿನಷ್ಟು ದಪ್ಪದ ಗಾಜು ಕಾಂಕ್ರೀಟನ್ನು ಸೀಳಬಲ್ಲದು. ಅದೇ ಗಾಜನ್ನು ಹಿಟ್ಟಿನಂತೆ ನುಣ್ಣಗೆ ಅರೆದು ಬೆರೆಸಿದರೆ ಕಾಂಕ್ರೀಟು ಇನ್ನಷ್ಟು ಗಟ್ಟಿಯಾಗುತ್ತದೆ! ಒಂದೇ ವಸ್ತು ಒಮ್ಮೆ ಶತ್ರು, ಒಮ್ಮೆ ಮಿತ್ರ. ಇದು ಹೇಗೆ? ಬನ್ನಿ, ಒಂದೊಂದಾಗಿ ತಿಳಿಯೋಣ.

ಗಾಜು ಹುಟ್ಟುವುದು ಮರಳಿನಿಂದ

ಗಾಜಿನ ಮೂಲವಸ್ತು ಮರಳು. ಮರಳಿನಲ್ಲಿ ಹೆಚ್ಚಾಗಿರುವುದು ಬೆಣಚುಕಲ್ಲಿನ ಕಣಗಳು. ಅವುಗಳ ರಾಸಾಯನಿಕ ಹೆಸರು ಸಿಲಿಕಾ. ಸಿಲಿಕಾ ಕರಗಬೇಕಾದರೆ ಸುಮಾರು 1700 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ನೀರು ಕುದಿಯುವುದು 100 ಡಿಗ್ರಿಯಲ್ಲಿ ಎಂಬುದನ್ನು ನೆನೆಸಿಕೊಂಡರೆ ಇದು ಎಂಥ ಕಾವೆಂದು ತಿಳಿದೀತು. ಮರಳಿಗೆ ಸೋಡಾ ಬೆರೆಸಿದರೆ ಅದು ಕಡಿಮೆ ಕಾವಿನಲ್ಲೇ ಕರಗುತ್ತದೆ. ಆದರೆ ಸೋಡಾ ಮಾತ್ರ ಬೆರೆಸಿದ ಗಾಜು ನೀರಿನಲ್ಲಿ ನಿಧಾನವಾಗಿ ಕರಗಿಹೋಗುತ್ತದೆ. ಅದನ್ನು ತಡೆಯಲು ಸುಣ್ಣಕಲ್ಲನ್ನೂ ಸೇರಿಸುತ್ತಾರೆ. ಹೀಗೆ ಮರಳು, ಸೋಡಾ, ಸುಣ್ಣಕಲ್ಲು ಈ ಮೂರನ್ನೂ ಕುಲುಮೆಯಲ್ಲಿ ಕಾಯಿಸಿ ಬಾಟಲಿ, ಕಿಟಕಿಯ ಗಾಜು ಮಾಡುತ್ತಾರೆ. ಇಂಥ ಗಾಜಿನ 100 ಗ್ರಾಂನಲ್ಲಿ ಸುಮಾರು 70 ಗ್ರಾಂ ಸಿಲಿಕಾ ಇರುತ್ತದೆ.

ಹಾಗಾದರೆ ಮರಳಿಗೂ ಗಾಜಿಗೂ ಏನು ವ್ಯತ್ಯಾಸ? ಬೆಳಗ್ಗೆ ಪ್ರಾರ್ಥನೆಗೆ ನೀವು ಹೇಗೆ ನಿಲ್ಲುತ್ತೀರಿ? ಸಾಲು ಸಾಲಾಗಿ, ಸಮಾನ ಅಂತರದಲ್ಲಿ. ಬೆಣಚುಕಲ್ಲಿನಲ್ಲಿ ಪರಮಾಣುಗಳು ಹೀಗೆ ಕ್ರಮವಾಗಿ ನಿಂತಿರುತ್ತವೆ. ಇನ್ನು ಆಟದ ಬಯಲಿನಲ್ಲಿ ಎಲ್ಲರೂ ಓಡಾಡುತ್ತಿರುವಾಗ ಯಾರೋ 'ಸ್ಟ್ಯಾಚ್ಯೂ!' ಎಂದು ಕೂಗಿದರೆ? ಇದ್ದವರು ಇದ್ದಲ್ಲೇ, ಅಡ್ಡಾದಿಡ್ಡಿಯಾಗಿ ನಿಂತುಬಿಡುತ್ತೀರಿ. ಗಾಜಿನ ಪರಮಾಣುಗಳು ನಿಂತಿರುವುದು ಹೀಗೆ. ಕರಗಿದ ದ್ರವ ಬೇಗ ತಣಿದಾಗ ಅವುಗಳಿಗೆ ಸಾಲಾಗಿ ನಿಲ್ಲಲು ಸಮಯವೇ ಸಿಗುವುದಿಲ್ಲ. ಸಾಲಿನಲ್ಲಿ ಭದ್ರವಾಗಿ ನಿಂತವರನ್ನು ಎಳೆದು ಹೊರತೆಗೆಯುವುದು ಕಷ್ಟ. ಅಡ್ಡಾದಿಡ್ಡಿಯಾಗಿ ನಿಂತವರನ್ನು ಎಳೆಯುವುದು ಸುಲಭ. ಹಾಗಾಗಿ ಬೆಣಚುಕಲ್ಲಿಗಿಂತ ಗಾಜಿನ ಸಿಲಿಕಾ ಬೇರೆ ವಸ್ತುಗಳೊಡನೆ ಸುಲಭವಾಗಿ ವರ್ತಿಸುತ್ತದೆ. ಈ ಮಾತನ್ನು ನೆನಪಿಡಿ. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ.

ಕರಗಿಸಿದರೆ ಮತ್ತೆ ಗಾಜು

ಗಾಜಿಗೆ ಒಂದು ದೊಡ್ಡ ಗುಣವಿದೆ. ಅದನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಹೊಸ ಗಾಜು ಮಾಡಬಹುದು. ಬಳೆಗಳಿಗೆ ಹೆಸರಾದ ಉತ್ತರ ಪ್ರದೇಶದ ಫಿರೋಜಾಬಾದಿನಲ್ಲಿ ಒಡೆದ ಬಳೆಗಳೂ ಹಳೆಯ ಗಾಜಿನ ಚೂರುಗಳೂ ಮತ್ತೆ ಕುಲುಮೆ ಸೇರುತ್ತವೆ. ಚೂರು ಬೆರೆಸಿದರೆ ಕುಲುಮೆಗೆ ಉರುವಲೂ ಕಡಿಮೆ ಸಾಕು. ಕುಲುಮೆಗೆ ಹಾಕುವ ಸಾಮಗ್ರಿಯಲ್ಲಿ ಹಳೆಯ ಗಾಜಿನ ಪಾಲು ಶೇಕಡ 10ರಷ್ಟು ಹೆಚ್ಚಿದರೆ ಶೇಕಡ 2.5ರಿಂದ 3ರಷ್ಟು ಇಂಧನ ಉಳಿಯುತ್ತದೆ.

ಹಾಗಿದ್ದರೆ ಎಲ್ಲ ಚೂರುಗಳನ್ನೂ ಕರಗಿಸಿಬಿಡಬಹುದಲ್ಲ? ಇಲ್ಲಿ ತೊಡಕುಗಳಿವೆ. ಹಸಿರು, ಕಂದು, ಬಿಳಿ ಚೂರುಗಳು ಬೆರೆತುಹೋದರೆ ಅವುಗಳಿಂದ ತಿಳಿಯಾದ ಗಾಜು ಬರುವುದಿಲ್ಲ. ಪ್ರಯೋಗಶಾಲೆಯ ಬೀಕರಿನ ಗಾಜೇ ಬೇರೆ, ಬಾಟಲಿಯ ಗಾಜೇ ಬೇರೆ. ಎರಡೂ ಕರಗುವ ಕಾವು ಒಂದೇ ಅಲ್ಲ. ಕಾರಿನ ಮುಂಗಾಜಿನ ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಮಣ್ಣು, ಕಲ್ಲು, ಪಿಂಗಾಣಿ ಚೂರು ಬೆರೆತರೂ ಹೊಸ ಗಾಜು ಕೆಡುತ್ತದೆ. ಬಾಟಲಿಯಾಗಿ ಮರುಹುಟ್ಟು ಪಡೆಯಲಾರದ ಇಂಥ ಗಾಜಿಗೆ ಬೇರೆ ದಾರಿ ಹುಡುಕಬೇಕು. ಕಟ್ಟಡ ಅಂಥ ಒಂದು ದಾರಿ.

ಕಟ್ಟಡಕ್ಕೆ ಗಾಜೇಕೆ?

ನಿಮ್ಮೂರಿನಲ್ಲಿ ಮನೆಗೆ ತಾರಸಿ ಹಾಕುವುದನ್ನು ನೋಡಿರುತ್ತೀರಿ. ಮೇಸ್ತ್ರಿ ಏನೇನು ಬೆರೆಸುತ್ತಾರೆ? ಸಿಮೆಂಟು, ಮರಳು, ಜಲ್ಲಿ, ನೀರು. ಇವು ಸೇರಿ ಗಟ್ಟಿಯಾದುದೇ ಕಾಂಕ್ರೀಟು. ಇದರಲ್ಲಿ ಜಲ್ಲಿ, ಮರಳು ಮೈ ತುಂಬುವ ವಸ್ತುಗಳು. ಸಿಮೆಂಟು ಅವನ್ನೆಲ್ಲ ಹಿಡಿದಿಡುವ ಅಂಟು.

ಮರಳು ಎಲ್ಲಿಂದ ಬರುತ್ತದೆ? ಹಿಂದೆಲ್ಲ ಹೊಳೆಯಿಂದ. ಹೊಳೆಯ ಮರಳು ಬರಿಯ ಕಟ್ಟಡದ ಸಾಮಾನಲ್ಲ. ಅದು ಮಳೆನೀರನ್ನು ಹಿಡಿದಿಟ್ಟು, ಸೋಸಿ, ದಡದ ಬಾವಿಗಳಿಗೆ ಒದಗಿಸುತ್ತದೆ. ಮಿತಿಮೀರಿ ಮರಳು ಎತ್ತಿದ ಕಡೆ ಬಾವಿಯ ನೀರು ಕೆಳಗಿಳಿಯುತ್ತದೆ, ದಡ ಕುಸಿಯುತ್ತದೆ, ಸೇತುವೆಯ ಬುಡ ಸಡಿಲವಾಗುತ್ತದೆ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು ಮತ್ತು ಜಲ್ಲಿ ಬಳಕೆಯಾಗುತ್ತಿದೆಯೆಂದು ವಿಶ್ವಸಂಸ್ಥೆಯ ಪರಿಸರ ವಿಭಾಗ 2022ರ ವರದಿಯಲ್ಲಿ ಹೇಳಿದೆ. ಹೊಳೆ ಇಷ್ಟನ್ನು ಕೊಡಲಾರದು. ಆದ್ದರಿಂದಲೇ ನಮ್ಮ ರಾಜ್ಯದಲ್ಲಿ ಕಲ್ಲನ್ನು ಪುಡಿಮಾಡಿದ ಎಂ-ಸ್ಯಾಂಡ್ ಬಳಕೆಗೆ ಬಂದಿದೆ.

ಸಿಮೆಂಟಿನ ಕಥೆ ಇನ್ನೊಂದು ಬಗೆಯದು. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆಯವರಿಗೆ ಸಿಮೆಂಟ್ ಕಾರ್ಖಾನೆ ಹೊಸದಲ್ಲ. ಅಲ್ಲಿ ಸುಣ್ಣಕಲ್ಲು ಮತ್ತು ಜೇಡಿಯಂಥ ವಸ್ತುಗಳನ್ನು ಸುಮಾರು 1450 ಡಿಗ್ರಿ ಕಾವಿನಲ್ಲಿ ಸುಡುತ್ತಾರೆ. ಆಗ ಸುಣ್ಣಕಲ್ಲಿನಿಂದ ಕಾರ್ಬನ್ ಡೈಆಕ್ಸೈಡ್ ಅನಿಲ ಹೊರಬರುತ್ತದೆ. ಉರಿಸಿದ ಕಲ್ಲಿದ್ದಲಿನಿಂದಲೂ ಅದೇ ಅನಿಲ ಬರುತ್ತದೆ. ಮನುಷ್ಯರ ಚಟುವಟಿಕೆಗಳಿಂದ ಗಾಳಿಗೆ ಸೇರುವ ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು ಶೇಕಡ 7ರಿಂದ 8 ಪಾಲು ಸಿಮೆಂಟಿನದು. ಭೂಮಿ ಬಿಸಿಯಾಗಲು ಈ ಅನಿಲ ಮುಖ್ಯ ಕಾರಣ.

ಒಂದು ಕಡೆ ಮರಳಿನ ಕೊರತೆ, ಇನ್ನೊಂದು ಕಡೆ ಸಿಮೆಂಟಿನ ಹೊಗೆ. ಮರಳಿನಿಂದಲೇ ಹುಟ್ಟಿದ ಗಾಜು ಬೀದಿಯಲ್ಲಿ ಬಿದ್ದಿದೆ. ಅದನ್ನು ಒಡೆದು ಮರಳಿನ ಬದಲು ಹಾಕಿದರಾಯಿತಲ್ಲ? ನೀವೂ ಹೀಗೆಯೇ ಯೋಚಿಸಿದಿರಲ್ಲವೆ? ಎಂಜಿನಿಯರರೂ ಮೊದಲು ಹೀಗೆಯೇ ಯೋಚಿಸಿದರು.

ಒಳಗಿನಿಂದ ಬಂದ ಬಿರುಕು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಕೆಲವು ಕಾಂಕ್ರೀಟ್ ಕಟ್ಟಡಗಳು, ರಸ್ತೆಗಳು ಕೆಲವೇ ವರ್ಷಗಳಲ್ಲಿ ಬಿರುಕು ಬಿಟ್ಟವು. ಭಾರ ಹೆಚ್ಚಾಗಿ ಬಂದ ಬಿರುಕಲ್ಲ ಅದು. ಕೆರೆಯ ಕೆಸರು ಒಣಗಿದಾಗ ನೆಲ ಬಿರಿಯುವಂತೆ ಮೇಲೆಲ್ಲ ಬಲೆಬಲೆಯಾಗಿ ಬಿರಿದಿತ್ತು. ಅಲ್ಲಿನ ಹೆದ್ದಾರಿ ಇಲಾಖೆಯ ಎಂಜಿನಿಯರ್ ಥಾಮಸ್ ಸ್ಟಾಂಟನ್ ಇದರ ಕಾರಣ ಕಂಡುಹಿಡಿದು 1940ರಲ್ಲಿ ಪ್ರಕಟಿಸಿದರು.

ಸಿಮೆಂಟಿಗೆ ನೀರು ಬೆರೆತಾಗ ಆ ನೀರು ಕ್ಷಾರವಾಗುತ್ತದೆ. ಸುಣ್ಣದ ನೀರು ಕೈಯನ್ನು ಸುಡುತ್ತದಲ್ಲ, ಅಂಥ ಗುಣ. (ಗಾರೆ ಕೆಲಸದವರ ಬೆರಳುಗಳ ಚರ್ಮ ಸುಲಿಯುವುದೂ ಇದರಿಂದಲೇ.) ಕೆಲವು ಜಾತಿಯ ಕಲ್ಲುಗಳ ಸಿಲಿಕಾದಲ್ಲಿ ಪರಮಾಣುಗಳು ಸರಿಯಾಗಿ ಸಾಲುಗಟ್ಟಿರುವುದಿಲ್ಲ. ಕ್ಷಾರದ ನೀರು ಅಂಥ ಸಿಲಿಕಾವನ್ನು ಮೆಲ್ಲನೆ ಕರಗಿಸಿ ಲೋಳೆಯಂಥ ವಸ್ತುವನ್ನಾಗಿ ಮಾಡುತ್ತದೆ. ಈ ಲೋಳೆ ನೀರು ಹೀರಿ ಊದಿಕೊಳ್ಳುತ್ತದೆ. ಸುತ್ತಲೂ ಗಟ್ಟಿ ಕಾಂಕ್ರೀಟು! ಊದಿದ ಲೋಳೆಗೆ ಜಾಗವೆಲ್ಲಿ? ಅದು ಕಾಂಕ್ರೀಟನ್ನೇ ಒಳಗಿನಿಂದ ತಳ್ಳಿ ಸೀಳುತ್ತದೆ. ಇದಕ್ಕೆ ಕ್ಷಾರ-ಸಿಲಿಕಾ ಕ್ರಿಯೆ ಎಂದು ಹೆಸರು.

ಗಾಜಿನ ಸಿಲಿಕಾ 'ಸ್ಟ್ಯಾಚ್ಯೂ' ಆಟದ ಮಕ್ಕಳಂತೆ ಎಂದು ಆಗಲೇ ಓದಿದಿರಲ್ಲ. ಕ್ಷಾರದ ನೀರಿಗೆ ಅದು ಸುಲಭದ ತುತ್ತು. ಹಾಗಾಗಿ ಮರಳು, ಜಲ್ಲಿಯ ಬದಲು ಗಾಜಿನ ಚೂರು ಹಾಕಿದ ಕಾಂಕ್ರೀಟು ತಿಂಗಳುಗಳು ಕಳೆದಂತೆ ಬಿರಿಯತೊಡಗಿತು. ಕ್ಷಾರದ ಹಾವಳಿಯನ್ನು ತಡೆಯುವ ಪುಡಿಗಳನ್ನು ಪರೀಕ್ಷಿಸಲು ಬೇಕೆಂದೇ ಗಾಜಿನ ಕಾಳು ಬೆರೆಸುವ ಪದ್ಧತಿಯೂ ಇದೆ. ಶತ್ರುವಿನ ಬಲ ಅಷ್ಟು ಖಚಿತ!

ಮಾಡಿ ನೋಡಿ – 1

ಒಂದು ಚಮಚ ಕಾಮಕಸ್ತೂರಿ ಬೀಜವನ್ನು ಅರ್ಧ ಲೋಟ ನೀರಿಗೆ ಹಾಕಿ. ಸ್ವಲ್ಪ ಹೊತ್ತಿನಲ್ಲಿ ಪ್ರತಿ ಬೀಜದ ಸುತ್ತ ಲೋಳೆ ಕಾಣುತ್ತದೆ. ಬೀಜ ಎಷ್ಟು ಪಟ್ಟು ದೊಡ್ಡದಾಯಿತು? ಅಂದಾಜು ಮಾಡಿ. ಇನ್ನೊಂದು ಪುಟ್ಟ ಡಬ್ಬಿಯಲ್ಲಿ ಅಂಚಿನವರೆಗೆ ಒಣ ಕಡಲೆಕಾಳು ತುಂಬಿ, ನೀರು ಹೊಯ್ದು, ಮೇಲೊಂದು ಮುಚ್ಚಳವನ್ನು ಸುಮ್ಮನೆ ಇಡಿ. ಬೆಳಗಾಗುವಷ್ಟರಲ್ಲಿ ಮುಚ್ಚಳ ಏನಾಗಿದೆ ನೋಡಿ. ಮುಚ್ಚಳದ ಜಾಗದಲ್ಲಿ ಕಾಂಕ್ರೀಟನ್ನು ಊಹಿಸಿಕೊಳ್ಳಿ.

ಗಾತ್ರದಲ್ಲಿದೆ ಗುಟ್ಟು

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 1990ರ ದಶಕದಲ್ಲಿ ಒಂದು ಪರೀಕ್ಷೆ ನಡೆಸಿದರು. ಗಾಜನ್ನು ಜರಡಿಗಳಲ್ಲಿ ಸೋಸಿ, ಬೇರೆ ಬೇರೆ ಗಾತ್ರದ ಕಣಗಳನ್ನು ಬೇರೆ ಬೇರೆ ಗಾರೆಯ ಪಟ್ಟಿಗಳಲ್ಲಿ ಬೆರೆಸಿ, ಯಾವುದು ಎಷ್ಟು ಊದುತ್ತದೆಂದು ಅಳೆದರು. ಒಂದು ಮಿಲಿಮೀಟರಿಗಿಂತ ತುಸು ದೊಡ್ಡ ಕಣಗಳು, ಅಂದರೆ ಸಾಸಿವೆಗಿಂತ ಸಣ್ಣ ಕಾಳುಗಳು, ಎಲ್ಲಕ್ಕಿಂತ ಹೆಚ್ಚು ಊದಿಸಿದವು. ಕಣ ಅದಕ್ಕಿಂತ ಸಣ್ಣದಾದಂತೆ ಊದುವಿಕೆ ಇಳಿಯುತ್ತ ಬಂತು. ತೀರ ನುಣ್ಣನೆಯ ಪುಡಿ ಬೆರೆಸಿದಾಗ ಕೇಡು ಮಾಯವಾಯಿತು!

ಕಣ ಸಣ್ಣದಾದರೆ ಏನು ಬದಲಾಗುತ್ತದೆ? ಒಂದು ಲೆಕ್ಕ ಮಾಡೋಣ. ಪ್ರತಿ ಬದಿ 1 ಸೆಂಟಿಮೀಟರ್ ಇರುವ ಒಂದು ಘನ ತೆಗೆದುಕೊಳ್ಳಿ. ಅದಕ್ಕೆ 6 ಮುಖಗಳು. ಒಟ್ಟು ಮೇಲ್ಮೈ 6 ಚದರ ಸೆಂಟಿಮೀಟರ್. ಇದನ್ನೇ 1 ಮಿಲಿಮೀಟರ್ ಬದಿಯ ಘನಗಳಾಗಿ ಕತ್ತರಿಸಿದರೆ 1000 ಪುಟ್ಟ ಘನಗಳು ಸಿಗುತ್ತವೆ. ಒಂದೊಂದರ ಮೇಲ್ಮೈ 6 ಚದರ ಮಿಲಿಮೀಟರ್. ಎಲ್ಲ ಸೇರಿ 6000 ಚದರ ಮಿಲಿಮೀಟರ್, ಅಂದರೆ 60 ಚದರ ಸೆಂಟಿಮೀಟರ್. ಬದಿಯನ್ನು ಇನ್ನೂ ಹತ್ತು ಪಟ್ಟು ಕಿರಿದು ಮಾಡಿ 0.1 ಮಿಲಿಮೀಟರಿಗೆ ತಂದರೆ ಮೇಲ್ಮೈ 600 ಚದರ ಸೆಂಟಿಮೀಟರ್ ಆಗುತ್ತದೆ. ಗಾಜು ಅಷ್ಟೇ, ತೂಕವೂ ಅಷ್ಟೇ. ಆದರೆ ನೀರು ತಾಗುವ ಜಾಗ ನೂರು ಪಟ್ಟು!

ಮಾಡಿ ನೋಡಿ – 2

ಎರಡು ಲೋಟಗಳಲ್ಲಿ ಸಮನಾಗಿ ನೀರು ತೆಗೆದುಕೊಳ್ಳಿ. ಒಂದಕ್ಕೆ ಕಲ್ಲುಸಕ್ಕರೆಯ ಒಂದು ತುಂಡು ಹಾಕಿ. ಇನ್ನೊಂದಕ್ಕೆ ಅಷ್ಟೇ ತೂಕದ ಕಲ್ಲುಸಕ್ಕರೆಯನ್ನು ಕುಟ್ಟಿ ಪುಡಿಮಾಡಿ ಹಾಕಿ. ಎರಡನ್ನೂ ಕಲಕಬೇಡಿ. ಯಾವುದು ಬೇಗ ಕರಗಿತು? ಗಡಿಯಾರ ನೋಡಿ ಬರೆದಿಡಿ. (ಎಚ್ಚರಿಕೆ: ಗಾಜನ್ನು ಮಾತ್ರ ಎಂದಿಗೂ ಕುಟ್ಟಬೇಡಿ, ಅರೆಯಬೇಡಿ. ಚೂರು ಕಣ್ಣಿಗೆ ಸಿಡಿಯುತ್ತದೆ, ದೂಳು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಆ ಕೆಲಸ ಮುಚ್ಚಿದ ಯಂತ್ರಗಳಲ್ಲಿ ಆಗಬೇಕು.)

ಪುಡಿ ಗಾಜು ಮಿತ್ರನಾಗುವುದು ಹೇಗೆ?

ದಪ್ಪ ಕಾಳಿನ ಒಳಗಿನ ಬಿರುಕುಗಳಿಗೆ ಕ್ಷಾರದ ನೀರು ನುಗ್ಗಿ, ಅಲ್ಲಿ ನಿಧಾನವಾಗಿ ಲೋಳೆ ಮಾಡುತ್ತದೆ. ಅಷ್ಟು ಹೊತ್ತಿಗೆ ಕಾಂಕ್ರೀಟು ಗಟ್ಟಿಯಾಗಿಬಿಟ್ಟಿರುತ್ತದೆ. ಕಾಳಿನ ಒಳಗೆ ಸುಣ್ಣದ ಅಂಶವೂ ಕಡಿಮೆ. ಸುಣ್ಣ ಕಡಿಮೆ ಇರುವ ಲೋಳೆಯೇ ಊದುವುದು.

ನುಣ್ಣನೆಯ ಪುಡಿಯಲ್ಲಿ ಹಾಗಲ್ಲ. ಅದರ ಕಣಗಳು ಕಾಂಕ್ರೀಟಿನ ಮೂಲೆಮೂಲೆಗೂ ಹರಡಿರುತ್ತವೆ. ಪ್ರತಿ ಕಣದ ಸುತ್ತಲೂ ಸುಣ್ಣವಿರುತ್ತದೆ. ಈ ಸುಣ್ಣ ಎಲ್ಲಿಂದ ಬಂತು? ಸಿಮೆಂಟು ನೀರಿನೊಡನೆ ವರ್ತಿಸುವಾಗ ಎರಡು ವಸ್ತುಗಳು ಹುಟ್ಟುತ್ತವೆ. ಒಂದು ಗಟ್ಟಿ ಅಂಟು. ಇನ್ನೊಂದು ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಈ ಸುಣ್ಣ ಕಾಂಕ್ರೀಟಿಗೆ ಹೆಚ್ಚು ಬಲ ಕೊಡುವುದಿಲ್ಲ. ಆದರೆ ಗಾಜಿನ ಪುಡಿ ಕರಗತೊಡಗಿದೊಡನೆ ಅದರ ಸಿಲಿಕಾ ಈ ಸುಣ್ಣದೊಡನೆ ಕೂಡಿಕೊಳ್ಳುತ್ತದೆ. ಕೂಡಿ ಏನಾಗುತ್ತದೆ? ಮತ್ತದೇ ಗಟ್ಟಿ ಅಂಟು! ಅದು ಊದುವುದಿಲ್ಲ. ಬದಲಿಗೆ ಕಾಂಕ್ರೀಟಿನೊಳಗಿನ ಸಣ್ಣ ಸಣ್ಣ ರಂಧ್ರಗಳನ್ನು ತುಂಬುತ್ತದೆ. ನೀರು, ಉಪ್ಪು ಒಳಗಿಳಿಯುವುದು ಕಷ್ಟವಾಗುತ್ತದೆ. ಒಳಗಿನ ಕಬ್ಬಿಣದ ಸರಳಿಗೆ ತುಕ್ಕಿನಿಂದ ರಕ್ಷಣೆ ಸಿಗುತ್ತದೆ.

ಅಂದರೆ ಕ್ಷಾರವೂ ಅದೇ, ಸಿಲಿಕಾವೂ ಅದೇ. ಬದಲಾದದ್ದು ಕಣದ ಗಾತ್ರ, ಕ್ರಿಯೆ ನಡೆದ ಹೊತ್ತು ಮತ್ತು ಸುತ್ತಲಿನ ಸುಣ್ಣ. ಈ ಕೆಲಸಕ್ಕೆ ಗಾಜನ್ನು ಸಾಮಾನ್ಯವಾಗಿ 0.075 ಮಿಲಿಮೀಟರಿಗಿಂತ ಸಣ್ಣಗೆ ಅರೆಯುತ್ತಾರೆ. ಅದು ಹೆಚ್ಚುಕಡಿಮೆ ನಿಮ್ಮ ತಲೆಗೂದಲಿನ ದಪ್ಪ. ಆಗ ಅದು ಮರಳಿನ ಬದಲಲ್ಲ, ಸಿಮೆಂಟಿನ ಒಂದು ಪಾಲಿನ ಬದಲು ಕೆಲಸ ಮಾಡುತ್ತದೆ.

ಹೊಸ ಪುಡಿ, ಹಳೆಯ ಜಾಣ್ಮೆ

ಸುಣ್ಣದೊಡನೆ ಕೂಡಿ ಗಟ್ಟಿಯಾಗುವ ಪುಡಿಗಳಿಗೆ ಪೊಜೊಲಾನಾ ಎಂದು ಹೆಸರು. ಇಟಲಿಯ ನೇಪಲ್ಸ್ ನಗರದ ಬಳಿ ಪೊಜುವೊಲಿ ಎಂಬ ಊರಿದೆ. ಅಲ್ಲಿನ ಜ್ವಾಲಾಮುಖಿಯ ಬೂದಿಯನ್ನು ಸುಣ್ಣಕ್ಕೆ ಬೆರೆಸಿ ಸುಮಾರು 2000 ವರ್ಷಗಳ ಹಿಂದೆ ರೋಮನ್ನರು ಕಟ್ಟಡ ಕಟ್ಟಿದರು. ಆ ಊರಿನಿಂದಲೇ ಈ ಹೆಸರು ಬಂತು.

ನಮ್ಮವರಿಗೂ ಈ ವಿದ್ಯೆ ಗೊತ್ತಿತ್ತು. ಸುಟ್ಟ ಇಟ್ಟಿಗೆಯ ಪುಡಿಗೆ ಸುರ್ಕಿ ಎನ್ನುತ್ತಾರೆ. ಸುಣ್ಣ ಮತ್ತು ಸುರ್ಕಿಯನ್ನು ಗಾಣದಲ್ಲಿ ಅರೆದು ಗಾರೆ ಮಾಡುತ್ತಿದ್ದರು. ಮಂಡ್ಯ ಜಿಲ್ಲೆಯ ಕನ್ನಂಬಾಡಿಯಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಕೃಷ್ಣರಾಜಸಾಗರ ಅಣೆಕಟ್ಟಿನ ಕೆಲಸ ಆರಂಭವಾದದ್ದು 1911ರಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರು ಆಗ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್. ಆ ಕಾಲಕ್ಕೆ ನಮ್ಮಲ್ಲಿ ಸಿಮೆಂಟು ಸುಲಭವಾಗಿ ಸಿಗುತ್ತಿರಲಿಲ್ಲ. ಅಣೆಕಟ್ಟಿನ ಕಲ್ಲುಗಳನ್ನು ಬೆಸೆದದ್ದು ಸುರ್ಕಿ ಗಾರೆ. ಇಂದಿಗೂ ಅದು ನೀರನ್ನು ಹಿಡಿದು ನಿಂತಿದೆ.

ಇನ್ನೊಂದು ಪೊಜೊಲಾನಾ ನಿಮ್ಮ ಕಣ್ಣೆದುರಿಗೇ ಇದೆ. ರಾಯಚೂರಿನ ಶಕ್ತಿನಗರದಂಥ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿಸಿದಾಗ ನುಣ್ಣನೆಯ ಹಾರುಬೂದಿ ಸಿಗುತ್ತದೆ. ಇದರ ಕಣಗಳಲ್ಲಿ ಹೆಚ್ಚಿನವು ಗಾಜಿನ ಗುಣದವೇ! ಮನೆ ಕಟ್ಟುವ ಜಾಗದಲ್ಲಿ ಸಿಮೆಂಟ್ ಚೀಲದ ಮೇಲಿನ ಬರಹ ಓದಿ ನೋಡಿ. 'ಪಿ.ಪಿ.ಸಿ.' ಎಂದಿದ್ದರೆ ಅದು ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟ್. ಹಾರುಬೂದಿ ಬೆರೆಸಿದ ಇಂಥ ಸಿಮೆಂಟಿನಲ್ಲಿ ಶೇಕಡ 15ರಿಂದ 35ರವರೆಗೆ ಬೂದಿ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಗಾಜಿನ ಪುಡಿ ಈ ಕುಟುಂಬದ ಹೊಸ ಸದಸ್ಯ.

ಗಾಜು ಸೇರಿದ ಸೇತುವೆ

ಕೆನಡಾ ದೇಶದ ಶೆರ್‌ಬ್ರೂಕ್ ವಿಶ್ವವಿದ್ಯಾಲಯದ ಸಂಶೋಧಕರು ಗಾಜಿನ ಪುಡಿಯ ಕಾಂಕ್ರೀಟನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಅದರ ಆಧಾರದ ಮೇಲೆ ಆ ದೇಶದ ಮಾಂಟ್ರಿಯಲ್ ನಗರ ಡಾರ್ವಿನ್ ಸೇತುವೆಗಳೆಂಬ ಎರಡು ಸೇತುವೆಗಳನ್ನು ಕಟ್ಟಿತು. ಅವು 2021ರಲ್ಲಿ ಪೂರ್ಣಗೊಂಡವು. ಅಲ್ಲಿ ಸಿಮೆಂಟಿನ ಶೇಕಡ 10 ಪಾಲಿನ ಬದಲು ಗಾಜಿನ ಪುಡಿ ಬಳಸಿದರು. ಅದಕ್ಕೆ ಸುಮಾರು 70 ಸಾವಿರ ಬಾಟಲಿಗಳಷ್ಟು ಗಾಜು ಬೇಕಾಯಿತು. ಅಲ್ಲಿ ಚಳಿಗಾಲದಲ್ಲಿ ರಸ್ತೆಯ ಮೇಲಿನ ಹಿಮ ಕರಗಿಸಲು ಉಪ್ಪು ಎರಚುತ್ತಾರೆ. ಉಪ್ಪುನೀರು ಒಳಗಿಳಿಯದಂತೆ ತಡೆಯುವ ಕಾಂಕ್ರೀಟು ಅವರಿಗೆ ಬಹಳ ಮುಖ್ಯ. ಅಮೆರಿಕದ ಮಾನಕ ಸಂಸ್ಥೆಯೊಂದು 2020ರಲ್ಲಿ ಕಾಂಕ್ರೀಟಿಗೆ ಬೆರೆಸುವ ಗಾಜಿನ ಪುಡಿ ಹೇಗಿರಬೇಕೆಂಬ ನಿಯಮವನ್ನೂ ಪ್ರಕಟಿಸಿದೆ.

ನೀವೇ ಒಂದು ಲೆಕ್ಕ ಮಾಡಿ. ಒಂದು ಚೀಲ ಸಿಮೆಂಟ್ 50 ಕಿಲೋ. ಅದರ ಶೇಕಡ 10 ಎಷ್ಟು? 5 ಕಿಲೋ. ಒಂದು ದಪ್ಪ ಗಾಜಿನ ಬಾಟಲಿ ಅರ್ಧ ಕಿಲೋ ತೂಗಿದರೆ, ಒಂದು ಚೀಲಕ್ಕೆ 10 ಬಾಟಲಿಗಳ ಪುಡಿ ಸಾಕು. 300 ಚೀಲ ಬೇಕಾಗುವ ಒಂದು ಕಟ್ಟಡದಲ್ಲಿ ಎಷ್ಟು ಬಾಟಲಿಗಳು ಸೇರುತ್ತವೆ?

ತೊಡಕುಗಳೂ ಇವೆ

ಗಾಜಿನ ಪುಡಿ ನಿಧಾನಸ್ಥ. ಪುಡಿ ಬೆರೆಸಿದ ಕಾಂಕ್ರೀಟಿಗೆ ಮೊದಲ ವಾರದಲ್ಲಿ ಬಲ ಸ್ವಲ್ಪ ಕಡಿಮೆ. ಎರಡು, ಮೂರು ತಿಂಗಳಲ್ಲಿ ಅದು ಮಾಮೂಲಿ ಕಾಂಕ್ರೀಟಿನ ಸಮಕ್ಕೆ ಬರುತ್ತದೆ, ಕೆಲವೊಮ್ಮೆ ಮೀರುತ್ತದೆ. ಅಲ್ಲಿಯವರೆಗೆ ತಾಳ್ಮೆ ಬೇಕು. ನೀರುಣಿಸುವುದನ್ನೂ ಮರೆಯಬಾರದು.

ಎರಡನೆಯದು ಕೊಳೆ. ಬಾಟಲಿಯ ತಳದಲ್ಲಿ ಉಳಿದ ಶರಬತ್ತಿನಲ್ಲಿ ಏನಿರುತ್ತದೆ? ಸಕ್ಕರೆ. ಸಕ್ಕರೆ ಸ್ವಲ್ಪವೇ ಬೆರೆತರೂ ಸಿಮೆಂಟು ಗಟ್ಟಿಯಾಗುವುದು ಬಹಳ ತಡವಾಗುತ್ತದೆ! ಹಾಗಾಗಿ ಗಾಜನ್ನು ತೊಳೆದು, ಕಾಗದದ ಚೀಟಿ, ತಗಡಿನ ಮುಚ್ಚಳ ತೆಗೆದು ಅರೆಯಬೇಕು. ಅರೆಯುವ ಯಂತ್ರಕ್ಕೆ ವಿದ್ಯುತ್ ಬೇಕು. ಗಾಜು ಭಾರವಾದ್ದರಿಂದ ದೂರದೂರಿನಿಂದ ಲಾರಿಯಲ್ಲಿ ತಂದರೆ ಡೀಸೆಲ್ ಖರ್ಚು. ಹತ್ತಿರದ ಗಾಜನ್ನು ಹತ್ತಿರದಲ್ಲೇ ಬಳಸಿದರೆ ಮಾತ್ರ ಪರಿಸರಕ್ಕೆ ಲಾಭ.

ಮೂರನೆಯದು ಟ್ಯೂಬ್‌ಲೈಟ್. ಹಳೆಯ ಬಗೆಯ ಟ್ಯೂಬ್‌ಲೈಟ್ ಮತ್ತು ಸುರುಳಿಯಾಕಾರದ ಸಿ.ಎಫ್.ಎಲ್. ಬಲ್ಬುಗಳ ಒಳಗೆ ಪಾದರಸವಿರುತ್ತದೆ. ಅದು ವಿಷ. ಅವನ್ನು ಉಳಿದ ಗಾಜಿನ ಜೊತೆ ಸೇರಿಸಲೇಬಾರದು, ಆಟಕ್ಕೆಂದು ಒಡೆಯಲೂಬಾರದು.

ಕಾಂಕ್ರೀಟಷ್ಟೇ ಅಲ್ಲ

ಗಾಜಿನ ಪುಡಿಗೆ ಅನಿಲ ಬಿಡುವ ಪದಾರ್ಥವನ್ನು ಸ್ವಲ್ಪ ಬೆರೆಸಿ 800–900 ಡಿಗ್ರಿಗೆ ಕಾಯಿಸಿದರೆ ಅದು ಮಂಡಕ್ಕಿಯಂತೆ ಉಬ್ಬುತ್ತದೆ. ಒಳಗೆಲ್ಲ ಗುಳ್ಳೆಗಳು. ಇದೇ ನೊರೆಗಾಜು. ಇದರ ತುಂಡು ನೀರಿನಲ್ಲಿ ತೇಲುತ್ತದೆ! ನಾರ್ವೆ, ಸ್ವಿಟ್ಜರ್ಲೆಂಡ್‌ನಂಥ ಚಳಿ ದೇಶಗಳಲ್ಲಿ ರಸ್ತೆಯ ಕೆಳಗೆ ಹಗುರವಾದ ಜಲ್ಲಿಯಾಗಿ, ಮನೆಯ ಅಡಿಪಾಯದಲ್ಲಿ ಚಳಿ ತಡೆಯುವ ಹಾಸಾಗಿ ಇದನ್ನು ಬಳಸುತ್ತಾರೆ. ಹಳೆಯ ಗಾಜನ್ನು ಕರಗಿಸಿ, ಎಳೆ ಎಳೆಯಾಗಿ ತೆಗೆದು ಗಾಜಿನ ಉಣ್ಣೆಯನ್ನೂ ಮಾಡುತ್ತಾರೆ. ಅದು ಗೋಡೆ, ಮಾಡುಗಳಲ್ಲಿ ಬಿಸಿಲಿನ ಕಾವನ್ನೂ ಸದ್ದನ್ನೂ ತಡೆಯುತ್ತದೆ. ಇಟ್ಟಿಗೆಯ ಮಣ್ಣಿಗೆ ಗಾಜಿನ ಪುಡಿ ಬೆರೆಸಿ ಸುಟ್ಟರೆ ಕಡಿಮೆ ಕಾವಿನಲ್ಲೇ ಇಟ್ಟಿಗೆ ಗಟ್ಟಿಯಾಗುತ್ತದೆಂದು ಪ್ರಯೋಗಗಳು ತೋರಿಸಿವೆ. ಗಾಜಿನಲ್ಲಿರುವ ಸೋಡಾ ಇಲ್ಲೂ ತನ್ನ ಹಳೆಯ ಕೆಲಸವನ್ನೇ ಮಾಡುತ್ತದೆ!

ಯಾವುದು ಮೊದಲು?

ಇಷ್ಟೆಲ್ಲ ಓದಿದ ಮೇಲೆ 'ಎಲ್ಲ ಬಾಟಲಿಗಳನ್ನೂ ಪುಡಿಮಾಡಿ ಕಾಂಕ್ರೀಟಿಗೆ ಹಾಕಿಬಿಡೋಣ' ಅನ್ನಿಸಿತೆ? ಸ್ವಲ್ಪ ತಡೆಯಿರಿ. ಒಮ್ಮೆ ಕಾಂಕ್ರೀಟು ಸೇರಿದ ಗಾಜು ಮತ್ತೆಂದೂ ಬಾಟಲಿಯಾಗಲಾರದು. ಇಡಿಯಾಗಿರುವ ಬಾಟಲಿಯನ್ನು ತೊಳೆದು ಮತ್ತೆ ತುಂಬುವುದು ಎಲ್ಲಕ್ಕಿಂತ ಒಳ್ಳೆಯದು. ಗೋಲಿ ಸೋಡಾ ಬಾಟಲಿ ಹೀಗೆ ಎಷ್ಟು ಸಲ ಅಂಗಡಿಗೆ ಬಂದು ಹೋಗುತ್ತದೆ ಗಮನಿಸಿ. ಒಡೆದ, ಆದರೆ ಶುದ್ಧವಾದ, ಒಂದೇ ಬಣ್ಣದ ಗಾಜನ್ನು ಕರಗಿಸುವುದು ಎರಡನೆಯ ದಾರಿ. ಈ ಎರಡಕ್ಕೂ ಒದಗದ ಬೆರಕೆ ಚೂರುಗಳಿಗೆ ಕಟ್ಟಡವೇ ಸರಿಯಾದ ಜಾಗ.

ಈ ಮೂರು ದಾರಿಗಳಲ್ಲಿ ಯಾವುದಕ್ಕೆ ಹೋಗಬೇಕಾದರೂ ಗಾಜು ಮೊದಲು ಬೇರೆಯಾಗಿ ಸಿಗಬೇಕು. ಹಸಿ ಕಸದಲ್ಲಿ ಹುದುಗಿದ ಚೂರು ಯಾವ ಕುಲುಮೆಗೂ ಯಾವ ಸೇತುವೆಗೂ ಹೋಗುವುದಿಲ್ಲ. ಅದು ಹೋಗುವುದು ಯಾರದೋ ಬೆರಳಿಗೆ. ಆದ್ದರಿಂದ ಗಾಜು ಒಡೆದಾಗ ನೀವು ಮುಟ್ಟದೆ ದೊಡ್ಡವರನ್ನು ಕರೆಯಿರಿ. ಚೂರುಗಳನ್ನು ದಪ್ಪ ಕಾಗದದಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಡಲು ಅವರಿಗೆ ಹೇಳಿ. ಮೇಲೆ ದಪ್ಪ ಅಕ್ಷರಗಳಲ್ಲಿ 'ಒಡೆದ ಗಾಜು' ಎಂದು ನೀವೇ ಬರೆಯಿರಿ. ಹಸಿ ಕಸಕ್ಕೆ ಸೇರಿಸದೆ, ಕಸದ ಗಾಡಿಯವರ ಕೈಗೆ ಹೇಳಿ ಕೊಡಿ. ನಿಮ್ಮ ಗ್ರಾಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣಕ್ಕೆ ಗುರುಗಳ ಜೊತೆ ಒಮ್ಮೆ ಭೇಟಿ ಕೊಡಿ. ಅಲ್ಲಿ ಕಸ ವಿಂಗಡಿಸುವ ಅಕ್ಕಂದಿರನ್ನು ಕೇಳಿ: ಗಾಜು ಎಷ್ಟು ಬರುತ್ತದೆ? ಕೈಗೆ ಗವುಸು ಇದೆಯೆ? ಗಾಜು ಇಲ್ಲಿಂದ ಎಲ್ಲಿಗೆ ಹೋಗುತ್ತದೆ? ಅವರು ಹೇಳಿದ್ದನ್ನು ಬರೆದು ತಂದು ತರಗತಿಯಲ್ಲಿ ಓದಿ. ನಿಮ್ಮ ಊರಿನ ಗಾಜಿನ ಪಾಠ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ನೀವೇ ಬರೆಯಬೇಕು.

ಯೋಚಿಸಿ, ಉತ್ತರಿಸಿ

1. ಬೆಣಚುಕಲ್ಲಿನ ಮರಳು ಕಾಂಕ್ರೀಟನ್ನು ಸೀಳುವುದಿಲ್ಲ, ಗಾಜಿನ ಕಾಳು ಸೀಳುತ್ತದೆ. ಎರಡರಲ್ಲೂ ಸಿಲಿಕಾ ಇದ್ದರೂ ಹೀಗೇಕೆ?

2. 2 ಸೆಂಟಿಮೀಟರ್ ಬದಿಯ ಘನವನ್ನು 1 ಸೆಂಟಿಮೀಟರ್ ಬದಿಯ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ ಎಷ್ಟು ಪಟ್ಟು ಹೆಚ್ಚುತ್ತದೆ?

3. ಸುರ್ಕಿ, ಹಾರುಬೂದಿ, ಗಾಜಿನ ಪುಡಿ ಈ ಮೂರರಲ್ಲಿ ಸಮಾನವಾದ ಗುಣ ಯಾವುದು?

4. ಶರಬತ್ತಿನ ಬಾಟಲಿಯನ್ನು ತೊಳೆಯದೆ ಪುಡಿಮಾಡಿ ಸಿಮೆಂಟಿಗೆ ಬೆರೆಸಿದರೆ ಏನಾದೀತು?

5. ಒಂದು ವಾರ ನಿಮ್ಮ ಮನೆಯಿಂದ ಹೊರಹೋಗುವ ಗಾಜಿನ ವಸ್ತುಗಳನ್ನು ಪಟ್ಟಿ ಮಾಡಿ. ಒಂದೊಂದರ ಮುಂದೆಯೂ ಬರೆಯಿರಿ: ಮರುಬಳಕೆಗೋ, ಕುಲುಮೆಗೋ, ಕಟ್ಟಡಕ್ಕೋ?